ಸೀಮೆಸುಣ್ಣದ ಗುಡ್ಡದ ಮೇಲೆ ಕಾಶಿ ರಾಜನ ಬಾವಿ

(ಆಡಿಯೊ ಸಂಚಿಕೆಯ ಬರಹ ರೂಪ)

ಬಸ್ಸಲ್ಲಿದ್ದೀರೋ, ಮೆಟ್ರೋದಲ್ಲಿ ನಿಂತಿದ್ದೀರೋ, ಪಾತ್ರೆ ತೊಳೀತಾ ಕೇಳ್ತಿದ್ದೀರೋ ಗೊತ್ತಿಲ್ಲ. ಎಲ್ಲೇ ಇರಿ, ಒಂದು ಚಿತ್ರ ಕಣ್ಮುಂದೆ ತಂದ್ಕೊಳ್ಳಿ. ಇಂಗ್ಲೆಂಡಿನ ಒಂದು ಹಳ್ಳಿ. ಇಟ್ಟಿಗೆ ಮನೆಗಳು, ಬೇಲಿ, ಹುಲ್ಲು, ಆಚೆ ಬೀಚ್ ಮರಗಳ ಕಾಡು. ಆ ಹಳ್ಳಿಯ ರಸ್ತೆ ಪಕ್ಕದಲ್ಲೇ, ಯಾರೋ ತಪ್ಪು ವಿಳಾಸಕ್ಕೆ ಡೆಲಿವರಿ ಕೊಟ್ಟು ಹೋದ ಹಾಗೆ, ಕಂಬಗಳ ಮೇಲೆ ಕೂತ ಒಂದು ಗುಮ್ಮಟ. ಗುಮ್ಮಟದ ಕೆಳಗೆ ಕಬ್ಬಿಣದ ಹಲ್ಲುಚಕ್ರಗಳ ದೊಡ್ಡ ರಾಟೆ. ರಾಟೆಯ ಮೇಲೆ ಬಂಗಾರದ ಬಣ್ಣದ ಆನೆ!

ಊರಿನ ಹೆಸರು ಸ್ಟೋಕ್ ರೋ. ಆಕ್ಸ್‌ಫರ್ಡ್‌ಶೈರ್ ಜಿಲ್ಲೆ, ಚಿಲ್ಟರ್ನ್ ಗುಡ್ಡಗಳ ಮೇಲೆ. ಗುಮ್ಮಟದ ಕೆಳಗಿರೋದು ಒಂದು ಬಾವಿ. ಅದನ್ನು ತೋಡಿಸಲು ಹಣ ಕೊಟ್ಟಿದ್ದು ಕಾಶಿಯ ಮಹಾರಾಜ.

ವಸಾಹತು ಕಾಲದ ಕತೆ ಅಂದರೆ ನಾವು ಕೇಳಿ ಬೆಳೆದಿದ್ದು ಒಂದೇ ದಿಕ್ಕಿನದು: ಇಲ್ಲಿಂದ ಅಲ್ಲಿಗೆ ಸಂಪತ್ತು ಹೋಯ್ತು, ಅಲ್ಲಿಂದ ಇಲ್ಲಿಗೆ ರೈಲು ಬಂತು, ಕಾಗದಪತ್ರ ಬಂತು. ಇಲ್ಲಿ ನೋಡಿದರೆ ಇಂಗ್ಲೆಂಡಿನ ಬಡ ಹಳ್ಳಿಗೆ ಕುಡಿಯೋ ನೀರಿಲ್ಲ, ಅದಕ್ಕೆ ಹಣ ಹೋಗಿದ್ದು ಕಾಶಿಯಿಂದ. ಇದು ಹೇಗಾಯ್ತು, ಯಾಕಾಯ್ತು? ಅದು ತಿಳಿಬೇಕಾದರೆ ಮೊದಲು ಆ ಗುಡ್ಡ ಏನು ಅಂತ ತಿಳಿಬೇಕು. ಆಮೇಲೆ ಗುಡ್ಡದ ಬುಡದ ಸಂತೆಪೇಟೆಗಳನ್ನು ಸುತ್ತಿ ಮೇಲೆ ಹತ್ತೋಣ.

ನಮ್ಮ ಭಾಷೆಯಲ್ಲಿ ಚಾಕ್‌ಗೆ ಸೀಮೆಸುಣ್ಣ ಅಂತೀವಿ. ಸೀಮೆಎಣ್ಣೆ, ಸೀಮೆಹಸು, ಸೀಮೆಬದನೆ ಇದ್ದಂಗೆ. ಸೀಮೆಯಿಂದ, ಅಂದರೆ ಪರದೇಶದಿಂದ ಬಂದಿದ್ದಕ್ಕೆಲ್ಲ ನಮ್ಮ ಹಿರಿಯರು ಹಾಕಿದ ಮುದ್ರೆ ಅದು. ಈ ಗುಡ್ಡಗಳ ಮಟ್ಟಿಗೆ ಆ ಹೆಸರು ಅಕ್ಷರಶಃ ನಿಜ. ಚಿಲ್ಟರ್ನ್ ಗುಡ್ಡಗಳ ಒಡಲು ಪೂರ್ತಿ ಸೀಮೆಸುಣ್ಣ. ಹುಲ್ಲು ಕೆರೆದರೆ ಬಿಳುಪು. ಉತ್ತ ಹೊಲದಲ್ಲಿ ಮಣ್ಣಿನ ಜೊತೆ ಬಿಳಿ ಚೂರುಗಳು.

ಇವು ಎತ್ತರದ ಬೆಟ್ಟಗಳೇನಲ್ಲ. ಅತಿ ಎತ್ತರದ ತುದಿಯೇ 267 ಮೀಟರ್. ನಮ್ಮ ಬೆಂಗಳೂರು ಕೂತಿರೋದೇ 900 ಮೀಟರ್ ಎತ್ತರದಲ್ಲಿ. ಆದರೆ ಎತ್ತರ ಇಲ್ಲಿ ಮುಖ್ಯ ಅಲ್ಲ, ವಯಸ್ಸು ಮತ್ತು ಹುಟ್ಟು ಮುಖ್ಯ. ಸುಮಾರು 10 ಕೋಟಿ ವರ್ಷದಿಂದ 6.6 ಕೋಟಿ ವರ್ಷದ ಹಿಂದಿನ ತನಕ ಇಲ್ಲೆಲ್ಲ ಬೆಚ್ಚಗಿನ ಸಮುದ್ರ ಇತ್ತು. ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳು. ಒಂದೊಂದರ ಮೈಮೇಲೂ ಸುಣ್ಣದ ಪುಟ್ಟ ಪುಟ್ಟ ಬಿಲ್ಲೆ. ಸತ್ತ ಮೇಲೆ ಆ ಬಿಲ್ಲೆಗಳು ತಳಕ್ಕೆ ಉದುರಿ, ಉದುರಿ, ನೂರಾರು ಮೀಟರ್ ದಪ್ಪದ ಪದರ ಆಯ್ತು. ಆಮೇಲೆ ಭೂಮಿ ಮೇಲೆದ್ದು ಗುಡ್ಡ ಆಯ್ತು. ಆ ಪದರ ಕಟ್ಟೋದು ಮುಗಿಯೋ ಹೊತ್ತಿಗೆ ನಮ್ಮ ಕಡೆ ಏನಾಗ್ತಿತ್ತು ಗೊತ್ತಾ? ದಖ್ಖನ್ನಿನಲ್ಲಿ ಜ್ವಾಲಾಮುಖಿಯ ಲಾವಾ ಹರೀತಿತ್ತು. ಇವತ್ತು ಬೆಳಗಾವಿ, ವಿಜಯಪುರ, ಕಲಬುರಗಿ ಕಡೆ ಕಾಣೋ ಕಪ್ಪು ಕಲ್ಲು, ಎರೆಮಣ್ಣು ಅದರ ಫಲ. ಅಲ್ಲಿ ಬಿಳಿ ಬೀಳುತ್ತಿದ್ದಾಗ ಇಲ್ಲಿ ಕಪ್ಪು ಹರಿಯುತ್ತಿತ್ತು.

ಈಗ ಕತೆಗೆ ಬೇಕಾದ ಮುಖ್ಯ ಸಂಗತಿ. ಸೀಮೆಸುಣ್ಣ ನೀರು ನಿಲ್ಲಿಸಲ್ಲ. ಮಳೆ ಬಿದ್ದರೆ ಬಿರುಕುಗಳಲ್ಲಿ, ರಂಧ್ರಗಳಲ್ಲಿ ಇಳಿದು ಕೆಳಗೆ ಹೋಗಿಬಿಡುತ್ತೆ. ಇಂಗ್ಲೆಂಡ್ ಅಂದರೆ ಸದಾ ಜಿಟಿಜಿಟಿ ಮಳೆ ಅಂತ ನಾವು ಅಂದ್ಕೊಂಡಿರ್ತೀವಿ. ಮಳೆ ಬರುತ್ತೆ ನಿಜ, ಆದರೆ ಈ ಗುಡ್ಡದ ಮೇಲೆ ಹೊಳೆ ಇಲ್ಲ, ಹಳ್ಳ ಇಲ್ಲ. ಇಳಿದ ನೀರು ಆಳದಲ್ಲಿ ಸೇರಿ, ಗುಡ್ಡದ ಬುಡದಲ್ಲಿ ಊಟೆಯಾಗಿ ಉಕ್ಕುತ್ತೆ. ಅಲ್ಲಿ ಸಿಗೋ ನೀರಂತೂ ಗಾಜಿನಂಗೆ. ಬುಡದಲ್ಲಿರೋ ಒಂದು ಊರಿನ ಹೆಸರು ಯೂಎಲ್ಮ್. ಹಳೇ ಇಂಗ್ಲಿಷಿನಲ್ಲಿ ಅದರ ಅರ್ಥವೇ ಊಟೆ ಹುಟ್ಟೋ ಜಾಗ. ಆ ನೀರಲ್ಲಿ ವಾಟರ್‌ಕ್ರೆಸ್ ಅನ್ನೋ ಸೊಪ್ಪು ಬೆಳೆದು ಮಾರ್ತಿದ್ದರು.

ಹಾಗಾಗಿ ಈ ಸೀಮೆಯ ನಕ್ಷೆಯನ್ನು ಬರೆದಿದ್ದು ನೀರು ಅಂತಾನೇ ನಾನು ಹೇಳೋದು. ಪೇಟೆಗಳೆಲ್ಲ ಕೆಳಗೆ, ಊಟೆ ಇರೋ ಕಡೆ ಅಥವಾ ಥೇಮ್ಸ್ ನದಿ ದಂಡೆ ಮೇಲೆ. ಹಣ ಕೆಳಗೆ, ಸಂತೆ ಕೆಳಗೆ. ಬಾಯಾರಿಕೆ ಮೇಲೆ.

ಕೆಳಗಿನ ಪೇಟೆಗಳಲ್ಲಿ ನನಗೆ ಇಷ್ಟವಾದದ್ದು ವಾಲಿಂಗ್‌ಫರ್ಡ್. ಥೇಮ್ಸ್ ನದಿಯನ್ನು ಕಾಲ್ನಡಿಗೆಯಲ್ಲಿ ದಾಟಬಹುದಾದ ಜಾಗ ಅದು, ಅದಕ್ಕೇ ಊರಾಯ್ತು. 9ನೇ ಶತಮಾನದಲ್ಲಿ ಡೇನರ ದಾಳಿ ತಡೆಯಲು ಆಲ್‌ಫ್ರೆಡ್ ರಾಜ ಒಂದು ಸಾಲು ಕೋಟೆ ಊರುಗಳನ್ನು ಕಟ್ಟಿಸಿದ. ಅದರಲ್ಲಿ ವಾಲಿಂಗ್‌ಫರ್ಡ್ ಬಲು ದೊಡ್ಡದು, ರಾಜಧಾನಿ ವಿಂಚೆಸ್ಟರ್‌ನಷ್ಟೇ ದೊಡ್ಡ ಲೆಕ್ಕ ಅದಕ್ಕೆ ಹಾಕಿದ್ದರು. ಮೂರು ಕಡೆ ಮಣ್ಣಿನ ಏರಿ, ನಾಲ್ಕನೇ ಕಡೆ ನದಿ. ಸಾವಿರಕ್ಕೂ ಹೆಚ್ಚು ವರ್ಷ ಆಯ್ತು, ಆ ಮಣ್ಣಿನ ಏರಿ ಇವತ್ತಿಗೂ ಇದೆ. ಜನ ಅದರ ಪಕ್ಕ ನಾಯಿ ಹಿಡ್ಕೊಂಡು ವಾಕಿಂಗ್ ಹೋಗ್ತಾರೆ, ಮಕ್ಕಳು ಇಳಿಜಾರಲ್ಲಿ ಉರುಳಾಡ್ತಾರೆ. ಕೋಟೆ ಅಂತ ಬೋರ್ಡ್ ಇಲ್ಲದಿದ್ದರೆ ಕೆರೆ ಏರಿ ಅಂದ್ಕೋಬೇಕು.

1066ರಲ್ಲಿ ಹೇಸ್ಟಿಂಗ್ಸ್ ಯುದ್ಧ ಗೆದ್ದ ವಿಲಿಯಂ, ಲಂಡನ್ ಹಿಡಿಯಲು ಥೇಮ್ಸ್ ದಾಟಿದ್ದು ಇಲ್ಲೇ. ಆಮೇಲೆ ಇಲ್ಲೊಂದು ದೊಡ್ಡ ಕೋಟೆ ಎದ್ದಿತು. 1142ರ ಚಳಿಗಾಲದ ಕತೆ ಒಂದಿದೆ. ಸಿಂಹಾಸನಕ್ಕೆ ಹೋರಾಡುತ್ತಿದ್ದ ಮಟಿಲ್ಡಾಳನ್ನು ಶತ್ರುಗಳು ಆಕ್ಸ್‌ಫರ್ಡ್ ಕೋಟೆಯಲ್ಲಿ ಮುತ್ತಿದ್ದರು. ಆಕೆ ರಾತ್ರೋರಾತ್ರಿ ಬಿಳಿ ಬಟ್ಟೆ ಹೊದ್ದು, ಹಿಮದಲ್ಲಿ ಕಾಣದ ಹಾಗೆ, ಹೆಪ್ಪುಗಟ್ಟಿದ ನದಿ ದಾಟಿ ತಪ್ಪಿಸಿಕೊಂಡಳು. ಬಂದು ಸೇರಿದ್ದು ವಾಲಿಂಗ್‌ಫರ್ಡ್ ಕೋಟೆಗೆ. ಆ ಅಂತರ್ಯುದ್ಧದ ಅಂತ್ಯಕ್ಕೆ ದಾರಿ ಮಾಡಿದ ಒಪ್ಪಂದ 1153ರಲ್ಲಿ ಆಗಿದ್ದೂ ಇಲ್ಲೇ. ಮಟಿಲ್ಡಾಳ ಮಗ ಎರಡನೇ ಹೆನ್ರಿ ರಾಜನಾದ ಮೇಲೆ, 1155ರಲ್ಲಿ ಊರಿಗೊಂದು ಸನ್ನದು ಕೊಟ್ಟ.

ಈ ಸನ್ನದು ಅನ್ನೋದು ಸ್ವಲ್ಪ ನಿಂತು ನೋಡಬೇಕಾದ ವಿಷಯ. ನಮ್ಮಲ್ಲಿ ಸಂತೆ ಅಂದರೆ ವಾರಕ್ಕೊಮ್ಮೆ ತಾನಾಗೇ ಸೇರುತ್ತೆ ಅನ್ನೋ ಭಾವನೆ. ಅಲ್ಲಿ ಹಾಗಲ್ಲ. ಸಂತೆ ಕೂಡಿಸೋದು ಒಂದು ಹಕ್ಕು, ಅದನ್ನು ರಾಜ ಕೊಡಬೇಕು. ಹಕ್ಕು ಇದ್ದ ಊರಿಗೆ ಸುಂಕ ಬರುತ್ತೆ, ಅಂಗಡಿ ಬರುತ್ತೆ, ವ್ಯಾಜ್ಯ ತೀರಿಸೋ ಅಧಿಕಾರ ಬರುತ್ತೆ. ಪಕ್ಕದ ಊರಿನವರು ಅನುಮತಿ ಇಲ್ಲದೆ ಸಂತೆ ಶುರು ಮಾಡಿದರೆ ಕೋರ್ಟು ಕಚೇರಿ. ವಾಲಿಂಗ್‌ಫರ್ಡ್‌ನಲ್ಲಿ ಇವತ್ತಿಗೂ ಶುಕ್ರವಾರ ಸಂತೆ. ಹಿಂದೆ ನಿಂತಿರೋ ಪುರಭವನ 1670ರದ್ದು, ಕಲ್ಲಿನ ಕಂಬಗಳ ಮೇಲೆ.

ಆದರೂ ಊರು ಇಳಿಮುಖ ಆಯ್ತು. ಪ್ಲೇಗ್ ಒಂದು ಕಾರಣ. ಇನ್ನೊಂದು ನಮಗೆ ಚೆನ್ನಾಗಿ ಅರ್ಥವಾಗೋದು: 1416ರಲ್ಲಿ ಪಕ್ಕದ ಆಬಿಂಗ್ಡನ್‌ನಲ್ಲಿ ಹೊಸ ಸೇತುವೆ ಆಯ್ತು, ಗಾಡಿಗಳೆಲ್ಲ ಆ ದಾರಿ ಹಿಡಿದವು. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಬಂದ ಮೇಲೆ ಹಳೇ ರಸ್ತೆಯ ಮದ್ದೂರು, ಚನ್ನಪಟ್ಟಣದ ಅಂಗಡಿ ಹೋಟೆಲಿನವರು ಏನು ಹೇಳ್ತಾರೆ ಕೇಳಿದ್ದೀರಲ್ಲ? ಅದೇ ಮಾತು, 600 ವರ್ಷ ಮೊದಲು. ಕೋಟೆಯನ್ನಂತೂ 1652ರಲ್ಲಿ ಕ್ರಾಮ್‌ವೆಲ್ ಕಾಲದಲ್ಲಿ ಕೆಡವಿದರು.

ಹೊಳೆ ಆಚೆ ದಡದಲ್ಲಿ ಕ್ರೋಮಾರ್ಶ್ ಅಂತ ಊರಿದೆ. ಅಲ್ಲಿ ಬೇಸಾಯ ಮಾಡ್ತಿದ್ದ ಜೆತ್ರೋ ಟಲ್ ಅನ್ನೋನು 1701ರ ಸುಮಾರಿಗೆ ಬಿತ್ತನೆ ಯಂತ್ರ ಮಾಡಿದ. ರಾಕ್ ಸಂಗೀತ ಕೇಳೋರಿಗೆ ಹೆಸರು ಗೊತ್ತಿರುತ್ತೆ, ಆ ಬ್ಯಾಂಡ್ ಹೆಸರಿಟ್ಟುಕೊಂಡಿದ್ದು ಇವನದ್ದೇ. ಕೈಯಲ್ಲಿ ಬೀಜ ಎರಚೋ ಬದಲು ಸಾಲಾಗಿ, ಸಮ ಆಳದಲ್ಲಿ ಬಿತ್ತೋ ಯಂತ್ರ. ಯುರೋಪಿನ ಕೃಷಿ ಇತಿಹಾಸದ ಪುಸ್ತಕಗಳಲ್ಲಿ ಇದಕ್ಕೆ ದೊಡ್ಡ ಜಾಗ. ಈಗ ನಿಮ್ಮಲ್ಲಿ ಹಳ್ಳಿ ಕಡೆಯೋರು ನಗ್ತಿರಬೇಕು, ಇದು ನಮ್ಮ ಕೂರಿಗೆ ಅಲ್ವಾ ಅಂತ. ಹೌದು, ಕೆಲಸ ಅದೇ. ಮೇಲಿನ ಬಟ್ಟಲಿಗೆ ಬೀಜ ಬಿಡೋದು, ಕೊಳವೆಗಳ ಮೂಲಕ ಸಾಲಿಗೆ ಇಳಿಯೋದು. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಕೂರಿಗೆಯ ಹೆಸರು ಬರೆದು ಚಿತ್ರ ಸಮೇತ ದಾಖಲಿಸಿದ್ದಾನೆ. ಅದಕ್ಕೂ ಸ್ವಲ್ಪ ಮೊದಲು, ಗುಂಟೂರಿನ ಕಡೆ ಇದ್ದ ಕ್ಯಾಪ್ಟನ್ ಹಾಲ್ಕಾಟ್ ಅನ್ನೋ ಕಂಪನಿ ಅಧಿಕಾರಿ ಇಂಥದ್ದೇ ಉಪಕರಣ ನೋಡಿ, ಇದು ಯುರೋಪಿನ ಹೊಸ ಸಂಶೋಧನೆ ಅಂತ ಇಲ್ಲೀವರೆಗೆ ಅಂದುಕೊಂಡಿದ್ದೆ ಎಂಬರ್ಥದಲ್ಲಿ ಲಂಡನ್ನಿಗೆ ಬರೆದ. ಟಲ್ ಕದ್ದ ಅಂತ ನಾನು ಹೇಳ್ತಿಲ್ಲ, ಅದಕ್ಕೆ ಆಧಾರ ಇಲ್ಲ. ಅವನು ತನ್ನ ದಾರೀಲಿ ತಲುಪಿದ, ನಮ್ಮವರು ತಮ್ಮ ದಾರೀಲಿ ಎಷ್ಟೋ ಮುಂಚೆ ತಲುಪಿದ್ದರು. ಪುಸ್ತಕದಲ್ಲಿ ಹೆಸರು ಉಳಿದಿದ್ದು ಒಬ್ಬನದು ಮಾತ್ರ.

ವಾಲಿಂಗ್‌ಫರ್ಡ್ ಬಗ್ಗೆ ಇನ್ನೆರಡೇ ಮಾತು. ಲಾ ಓದೋರಿಗೆ ಬ್ಲ್ಯಾಕ್‌ಸ್ಟೋನ್ ಗೊತ್ತಲ್ಲ, ಆತ ಇದ್ದಿದ್ದೂ ಸಮಾಧಿಯಾಗಿದ್ದೂ ಇಲ್ಲೇ. ಅಗಾಥಾ ಕ್ರಿಸ್ಟಿ 1934ರಿಂದ 1976ರಲ್ಲಿ ಸಾಯೋವರೆಗೂ ಊರಂಚಿನ ಮನೆಯೊಂದನ್ನು ಇಟ್ಕೊಂಡಿದ್ದಳು, ಆಕೆಯ ಸಮಾಧಿ ಪಕ್ಕದ ಚೋಲ್ಸಿ ಚರ್ಚಿನಲ್ಲಿದೆ.

ಇನ್ನೊಂದು ಪೇಟೆ ವಾಟ್ಲಿಂಗ್ಟನ್. ಪುಟಾಣಿ ಊರು. ಅಲ್ಲಿಂದ ಗುಡ್ಡದ ಕಡೆ ನೋಡಿದರೆ ಹಸಿರು ಇಳಿಜಾರಿನಲ್ಲಿ ಒಂದು ಉದ್ದ ಬಿಳಿ ಮೊನೆ ಕಾಣುತ್ತೆ. 1764ರಲ್ಲಿ ಎಡ್ವರ್ಡ್ ಹೋರ್ನ್ ಅನ್ನೋ ಜಮೀನುದಾರ ಹುಲ್ಲು ಕೆತ್ತಿಸಿ ಸೀಮೆಸುಣ್ಣ ಹೊರಗೆ ಕಾಣೋ ಹಾಗೆ ಮಾಡಿಸಿದ್ದು. ಯಾಕೆ ಅಂತೀರಾ? ಊರ ಚರ್ಚಿಗೆ ಚೂಪು ಶಿಖರ ಇರಲಿಲ್ಲ. ತನ್ನ ಮನೆ ಕಿಟಕಿಯಿಂದ ನೋಡಿದಾಗ ಚರ್ಚಿನ ಗೋಪುರದ ಮೇಲೆ ಸರಿಯಾಗಿ ಆ ಬಿಳಿ ಮೊನೆ ಕೂತು, ಶಿಖರ ಇದ್ದಂಗೆ ಕಾಣಲಿ ಅಂತ. 270 ಅಡಿ ಉದ್ದದ ಫೋಟೋಶಾಪ್! ಕಲ್ಲಿನ ಶಿಖರ ಕಟ್ಟಿಸೋ ಖರ್ಚೂ ಉಳೀತು.

ಅದೇ ಗುಡ್ಡದ ಮೇಲೆ ಆಕಾಶದಲ್ಲಿ ಕೆಂಪು ಹದ್ದುಗಳು ಸುತ್ತುತ್ತಿರುತ್ತವೆ. ಬಾಲ ಕವಲೊಡೆದ, ನಮ್ಮೂರ ಹದ್ದಿನ ನೆಂಟರು. ಇಂಗ್ಲೆಂಡಿನಲ್ಲಿ ಇವನ್ನು ಬೇಟೆಯಾಡಿ ಪೂರ್ತಿ ಮುಗಿಸಿಬಿಟ್ಟಿದ್ದರು. 1989ರಿಂದ 1994ರವರೆಗೆ ಸ್ಪೇನಿನಿಂದ 90 ಮರಿಗಳನ್ನು ತಂದು ಚಿಲ್ಟರ್ನ್‌ನಲ್ಲಿ ಬಿಟ್ಟರು. ಈಗ ಎಲ್ಲಿ ನೋಡಿದರೂ ಅವೇ. ಪಿಕ್ನಿಕ್‌ಗೆ ಹೋದರೆ ಸ್ಯಾಂಡ್‌ವಿಚ್ ಹುಷಾರು.

ಸರಿ, ಈಗ ಗುಡ್ಡ ಹತ್ತೋಣ.

ಮೇಲಿನ ಹಳ್ಳಿಗಳ ಜನ ಹೇಗೆ ಬದುಕಿದರು? ಸೀಮೆಸುಣ್ಣದ ನೆತ್ತಿಯ ಮೇಲೆ ಕೆಲವು ಕಡೆ ಜೇಡಿಮಣ್ಣಿನ ಪದರ ಇದೆ. ಇಟ್ಟಿಗೆಗೆ ಅಂತ ತೋಡಿದ ಗುಂಡಿಗಳಲ್ಲಿ ಮಳೆ ನೀರು ನಿಲ್ತಿತ್ತು. ಅದನ್ನೇ ಕುಡಿಯೋದು. ಬೇಸಿಗೆ ಜೋರಾದರೆ ಗುಂಡಿ ಒಣಗೋದು. ಆಗ ಮೈಲಿಗಟ್ಟಲೆ ನಡೆದು ಹೊತ್ತು ತರಬೇಕು. ಬೀಚ್ ಮರ ಕಡಿದು ಕುರ್ಚಿ ಕಾಲು ತಿರುಗಿಸಿ ಹೈ ವಿಕಂಬ್‌ನ ಕಾರ್ಖಾನೆಗಳಿಗೆ ಮಾರೋ ಕೂಲಿಗಳು, ಹೊಲದ ಆಳುಗಳು ಇವರು. ಅಡುಗೆಗೆ ಬಳಸಿದ ನೀರನ್ನೇ ತೊಳೆಯೋಕೆ ಎತ್ತಿಡೋ ಮನೆಗಳು. ವಿಕ್ಟೋರಿಯಾ ರಾಣಿಯ ಸಾಮ್ರಾಜ್ಯ ಜಗತ್ತನ್ನೆಲ್ಲ ಹಬ್ಬಿದ್ದ ಕಾಲ. ಆ ಸಾಮ್ರಾಜ್ಯದ ರಾಜಧಾನಿಯಿಂದ ಒಂದೆರಡು ದಿನದ ನಡಿಗೆಯಲ್ಲಿ ಪರಿಸ್ಥಿತಿ ಇದು.

ಪಕ್ಕದ ಇಪ್ಸ್‌ಡನ್ ಊರಿನ ಜಮೀನುದಾರ ಮನೆತನ ರೀಡ್ ಅವರದು. ಒಬ್ಬ ಮಗ ಚಾರ್ಲ್ಸ್ ರೀಡ್ ಕಾದಂಬರಿಕಾರನಾದ. ಇನ್ನೊಬ್ಬ ಎಡ್ವರ್ಡ್ ಆಂಡರ್‌ಡನ್ ರೀಡ್, ಈಸ್ಟ್ ಇಂಡಿಯಾ ಕಂಪನಿ ಕೆಲಸಕ್ಕೆ ಸೇರಿ ಇವತ್ತಿನ ಉತ್ತರ ಪ್ರದೇಶಕ್ಕೆ ಬಂದ. 1831ರಲ್ಲಿ ಆಜಮ್‌ಗಢದಲ್ಲಿ ಜನರಿಗೆ ನೀರಿಲ್ಲದ್ದು ನೋಡಿ ಒಂದು ಬಾವಿ ತೋಡಿಸಿದ. ಕಾಶಿಯಲ್ಲಿ ಮಹಾರಾಜ ಈಶ್ವರೀ ಪ್ರಸಾದ್ ನಾರಾಯಣ್ ಸಿಂಗ್ ಜೊತೆ ಸ್ನೇಹ ಬೆಳೀತು. ಗಂಗೆಯ ಆಚೆ ದಡದ ರಾಮನಗರ ಕೋಟೆಯಲ್ಲಿ ಇರ್ತಿದ್ದ ಅರಸ, 1835ರಿಂದ 1889ರವರೆಗೆ ಗದ್ದುಗೆಯಲ್ಲಿದ್ದವನು.

ಮಾತಿನ ನಡುವೆ ರೀಡ್ ತನ್ನೂರಿನ ಒಂದು ಘಟನೆ ಹೇಳಿದ್ದನಂತೆ. ಬರಗಾಲದಲ್ಲಿ ಒಂದು ಹುಡುಗ ಮನೇಲಿದ್ದ ಕೊನೇ ಗುಟುಕು ನೀರು ಕುಡಿದುಬಿಟ್ಟ ಅಂತ ತಾಯಿ ಹೊಡೀತಿದ್ದಳು, ನಾನು ಕಣ್ಣಾರೆ ಕಂಡೆ ಅಂತ. ಮಹಾರಾಜನಿಗೆ ಅದು ಮನಸ್ಸಿನಲ್ಲಿ ಉಳೀತು. 1860ರಲ್ಲಿ ರೀಡ್ ಕೆಲಸ ಮುಗಿಸಿ ಊರಿಗೆ ಹೊರಟ. ಸ್ವಲ್ಪ ದಿನಕ್ಕೆ ಮಹಾರಾಜನಿಗೆ ಇಂಗ್ಲೆಂಡಿಗೆ ಏನಾದರೂ ದಾನ ಕೊಡಬೇಕು ಅನ್ನಿಸಿದಾಗ ನೆನಪಾಗಿದ್ದು ಆ ಹುಡುಗ, ಆ ನೀರು.

1863ರ ಮಾರ್ಚ್ 10ಕ್ಕೆ ಕೆಲಸ ಶುರು. ಅವತ್ತೇ ಯುವರಾಜ ಎಡ್ವರ್ಡ್ ಮದುವೆ, ಬೇಕಂತಲೇ ಇಟ್ಟ ಮುಹೂರ್ತ. ಬಾವಿಯ ಅಗಲ ನಾಲ್ಕು ಅಡಿ. ಆಳ 368 ಅಡಿ. ಅಂದರೆ ಒಂದೂವರೆ ಕುತುಬ್ ಮಿನಾರ್ ತಲೆಕೆಳಗು ಮಾಡಿ ಇಳಿಸಿದಷ್ಟು. ಯಂತ್ರ ಇಲ್ಲ, ಎಲ್ಲಾ ಕೈಯಲ್ಲಿ. ನಾಲ್ಕಡಿ ಅಗಲದಲ್ಲಿ ಎಷ್ಟು ಜನ ನಿಂತು ಅಗೀಬಹುದು ಯೋಚನೆ ಮಾಡಿ. ಮೇಲಿನ ಆಕಾಶ ನಾಣ್ಯದಷ್ಟು ಚಿಕ್ಕದಾಗಿ ಕಾಣೋ ಆಳ. ಅಗೆದ ಸುಣ್ಣವನ್ನೆಲ್ಲ ಬಕೆಟ್ಟಲ್ಲಿ ಮೇಲೆ ಎಳೀಬೇಕು, ಹಗ್ಗ ಹರಿದರೆ ಕೆಳಗಿದ್ದವನ ಕತೆ ಮುಗೀತು. ದಾನ ಕೊಟ್ಟ ರಾಜನ ಹೆಸರು ಗುಮ್ಮಟದ ಮೇಲಿದೆ. ಒಳಗಿಳಿದು ಅಗೆದವರ ಹೆಸರು ಅಲ್ಲಿಲ್ಲ. ನಮ್ಮೂರ ಬಾವಿಗಳದ್ದೂ ಅದೇ ಕತೆ ಬಿಡಿ.

ಒಟ್ಟು ಖರ್ಚು 353 ಪೌಂಡ್, 13 ಶಿಲಿಂಗ್, 7 ಪೆನ್ನಿ. ರಾಟೆಯ ಯಂತ್ರ ಮಾಡಿದ್ದು ವಾಲಿಂಗ್‌ಫರ್ಡ್‌ನ ವೈಲ್ಡರ್ ಕಬ್ಬಿಣದ ಕಾರ್ಖಾನೆ. ನೋಡಿ, ಕೆಳಗಿನ ಸಂತೆಪೇಟೆ ಇಲ್ಲಿ ಕತೆಗೆ ಬಂತು. 1864ರ ಮೇ 24, ರಾಣಿಯ ಹುಟ್ಟುಹಬ್ಬದ ದಿನ ಬಾವಿ ಜನರಿಗೆ ತೆರೆದರು. ಒಂದು ಬಕೆಟ್ಟಿಗೆ ಒಂಬತ್ತು ಗ್ಯಾಲನ್ ನೀರು, ಸುಮಾರು 40 ಲೀಟರ್, ನಮ್ಮ ಎರಡು ನೀರಿನ ಕ್ಯಾನ್ ಲೆಕ್ಕ. ಅದನ್ನು ಮೇಲೆ ತರಲು ರಾಟೆ ತಿರುಗಿಸಬೇಕಾದದ್ದು ಹತ್ತು ನಿಮಿಷ. ಆದರೂ ಜನ ಸಾಲು ನಿಂತರು. ನೀರು ಪುಕ್ಕಟೆ.

ನನಗೆ ಇಷ್ಟವಾಗೋದು ಇದರ ಆಮೇಲಿನ ಲೆಕ್ಕಾಚಾರ. ಬಾವಿ ತೋಡಿಸಿ ಫೋಟೋ ತೆಗೆಸ್ಕೊಂಡು ಹೋಗೋದಲ್ಲ, ಅದನ್ನು ನಡೆಸೋರು ಬೇಕಲ್ಲ? ಪಕ್ಕದಲ್ಲೇ ಕಾವಲುಗಾರನಿಗೊಂದು ಪುಟ್ಟ ಮನೆ ಕಟ್ಟಿಸಿದರು. ಸುಮಾರು ನಾಲ್ಕು ಎಕರೆ ಜಾಗ ತಗೊಂಡು ಚೆರ್ರಿ ಮರ ನೆಟ್ಟರು. ಚೆರ್ರಿ ಮಾರಿದ ಹಣದಲ್ಲಿ ಬಾವಿಯ ನಿರ್ವಹಣೆ. ನಮ್ಮ ಶಾಸನಗಳಲ್ಲಿ ಕೆರೆ ಕಟ್ಟಿಸಿದವರು ಅದರ ದುರಸ್ತಿಗೆ ಅಂತ ಗದ್ದೆ ಬಿಡ್ತಿದ್ದರಲ್ಲ, ಅದೇ ಪದ್ಧತಿ. ತೋಟಕ್ಕೆ ಇಟ್ಟ ಹೆಸರು ಈಶ್ವರೀ ಬಾಗ್. ಅದರೊಳಗೆ ಮೀನಿನ ಆಕಾರದ ಒಂದು ಕೊಳವನ್ನೂ ಮಾಡಿದರು.

ಇಲ್ಲಿಗೆ ನಿಲ್ಲಿಸಿದರೆ ಚಂದದ ವಾಟ್ಸಾಪ್ ಕತೆ. "ಇಂಗ್ಲಿಷರಿಗೇ ನೀರು ಕೊಟ್ಟ ಭಾರತೀಯ ರಾಜ" ಅಂತ ಫಾರ್ವರ್ಡ್ ಮಾಡಬಹುದು. ಆದರೆ ತಾರೀಖುಗಳನ್ನು ಇನ್ನೊಮ್ಮೆ ನೋಡಿ. 1863. ಹಿಂದಿನ ಆರು ವರ್ಷದಲ್ಲಿ ಕಾಶಿಯ ಸುತ್ತ ಏನೇನಾಗಿತ್ತು?

1857ರ ಜೂನ್‌ನಲ್ಲಿ ಕಾಶಿಯಲ್ಲಿ ಸಿಪಾಯಿಗಳು ತಿರುಗಿಬಿದ್ದರು. ಕರ್ನಲ್ ನೀಲ್ ಅನ್ನೋನು ಅದನ್ನು ಅಡಗಿಸಿದ. ಆಮೇಲೆ ಸುತ್ತಲ ಹಳ್ಳಿಗಳಲ್ಲಿ ಸಿಕ್ಕಸಿಕ್ಕವರನ್ನು ಮರಕ್ಕೆ ನೇಣು ಹಾಕಿದರು. ವಿಚಾರಣೆ ಅನ್ನೋದು ಹೆಸರಿಗೆ. ಆ ವರ್ಷ ಕಾಶಿಯ ಮಹಾರಾಜ ನಿಂತಿದ್ದು ಬ್ರಿಟಿಷರ ಪಕ್ಷದಲ್ಲಿ. ರೀಡ್ ಆಗ ಆಗ್ರಾದಲ್ಲಿದ್ದ ಹಿರಿಯ ಅಧಿಕಾರಿ. ಸೆಪ್ಟೆಂಬರ್‌ನಲ್ಲಿ ಆಗ್ರಾ ಕೋಟೆಯೊಳಗೆ ಲೆಫ್ಟಿನೆಂಟ್ ಗವರ್ನರ್ ಕಾಲ್ವಿನ್ ಸತ್ತಾಗ, ತಾತ್ಕಾಲಿಕವಾಗಿ ಆಡಳಿತ ನೋಡಿಕೊಂಡವನು ಅವನೇ. ಗೆಳೆತನ ನಿಜವೇ ಇರಬಹುದು. ಆದರೆ ಗೆಳೆಯರಿಬ್ಬರೂ ಗೆದ್ದ ಪಕ್ಷದವರು.

ಇನ್ನೂ ಒಂದಿದೆ. 1860-61ರಲ್ಲಿ ದೆಹಲಿ, ಆಗ್ರಾ ಕಡೆಯ ದೋಆಬ್ ಪ್ರದೇಶದಲ್ಲಿ ಭೀಕರ ಬರ. ಸುಮಾರು 20 ಲಕ್ಷ ಜನ ಸತ್ತರು ಅಂತ ಅಂದಾಜು. ಕಾಶಿ ಆ ಬರದ ನಡುವೆ ಇರಲಿಲ್ಲ, ಅದು ಇನ್ನೂ ಪೂರ್ವಕ್ಕೆ. ಆದರೆ ಅದೇ ಪ್ರಾಂತ್ಯ, ಅದೇ ಸರ್ಕಾರ. ಎರಡು ವರ್ಷ ಕಳೆದಿಲ್ಲ, ಆ ಪ್ರಾಂತ್ಯದ ಅರಸನ ಹಣದಲ್ಲಿ ಆಕ್ಸ್‌ಫರ್ಡ್‌ಶೈರ್‌ನಲ್ಲಿ ಗುದ್ದಲಿ ಬಿತ್ತು.

ಮುಹೂರ್ತಗಳನ್ನೂ ಗಮನಿಸಿ. ಶುರುವಾಗಿದ್ದು ಯುವರಾಜನ ಮದುವೆ ದಿನ, ತೆರೆದಿದ್ದು ರಾಣಿಯ ಹುಟ್ಟುಹಬ್ಬದ ದಿನ. 1882ರಲ್ಲಿ ರಾಣಿ ಮೇಲೆ ಒಬ್ಬ ಗುಂಡು ಹಾರಿಸಿ, ಆಕೆ ಪಾರಾದಾಗ, ಸ್ಟೋಕ್ ರೋ ಜನರಿಗೆ ಮಹಾರಾಜನ ಲೆಕ್ಕದಲ್ಲಿ ಬ್ರೆಡ್ಡು, ಟೀ, ಸಕ್ಕರೆ, ಊಟ. ಇದು ಗೆಳೆಯನ ಊರಿಗೆ ಕೊಟ್ಟ ಉಡುಗೊರೆ ಹೌದು. ಜೊತೆಗೆ ಲಂಡನ್ನಿಗೆ ಕಾಣೋ ಹಾಗೆ ಕೊಟ್ಟ ನಿಷ್ಠೆಯ ಪತ್ರವೂ ಹೌದು. ಗದ್ದುಗೆ ಉಳಿಸಿಕೊಳ್ಳಬೇಕಾದ ಅರಸನಿಗೆ ಎರಡನೇದು ಬಿಟ್ಟು ಬರೀ ಮೊದಲನೇದು ಮಾಡೋ ಸ್ವಾತಂತ್ರ್ಯ ಇತ್ತಾ? ನನಗೆ ಅನುಮಾನ.

ಹಾಗಂತ ಪೂರ್ತಿ ನಾಟಕ ಅಂತ ತಳ್ಳಿಹಾಕೋಕೂ ಮನಸ್ಸು ಬರಲ್ಲ. ಬರೀ ನಿಷ್ಠೆ ತೋರಿಸೋಕೆ ಲಂಡನ್ನಿನ ನಡುಮಧ್ಯೆ ಒಂದು ಪ್ರತಿಮೆ ನಿಲ್ಲಿಸಿದ್ದರೆ ಸಾಕಿತ್ತು. ಯಾರೂ ಹೋಗದ ಗುಡ್ಡದ ಹಳ್ಳಿ ಯಾಕೆ? ಬಾವಿ ತೋಡಿಸೋದು, ಅರವಟ್ಟಿಗೆ ಇಡೋದು ಪುಣ್ಯ ಅನ್ನೋ ಸಂಸ್ಕಾರದಲ್ಲಿ ಬೆಳೆದ ಮನುಷ್ಯನಿಗೆ, ನೀರಿಗಾಗಿ ಏಟು ತಿಂದ ಹುಡುಗನ ಕತೆ ತಾಗಿದ್ದು ನಂಬೋಕೆ ಕಷ್ಟ ಅಲ್ಲ. ದಾನ ತಗೊಂಡವರ ಕಡೆಯಿಂದಲೂ ನೋಡಬೇಕು. ಹತ್ತು ನಿಮಿಷ ರಾಟೆ ತಿರುಗಿಸಿ ಮನೆಗೆ ನೀರು ಹೊತ್ತ ಕೂಲಿ ಹೆಂಗಸಿಗೆ, ಕೊಟ್ಟವನ ರಾಜಕೀಯ ಕಟ್ಕೊಂಡು ಏನಾಗಬೇಕಿತ್ತು? ಆಕೆಯ ಸರ್ಕಾರ, ಆಕೆಯ ಜಮೀನುದಾರರು ಮಾಡದೇ ಇದ್ದಿದ್ದನ್ನು ಹೆಸರು ಹೇಳೋಕೂ ಬಾರದ ಊರಿನವನೊಬ್ಬ ಮಾಡಿದ್ದ.

ಇದು ಒಂದೇ ಅಲ್ಲ, ಬೇರೆಯವರೂ ಹಿಂದೆ ಬಂದರು. ಕಾಶಿಯ ಇನ್ನೊಬ್ಬ ಗಣ್ಯ ರಾಜಾ ದೇವನಾರಾಯಣ್ ಸಿಂಗ್ ಹೆಸರಿನ ಬಾವಿ ಇಪ್ಸ್‌ಡನ್ನಿನಲ್ಲಿ 1865ರಲ್ಲಿ ಆಯ್ತು. ಲಂಡನ್ನಿನ ರೀಜೆಂಟ್ಸ್ ಪಾರ್ಕಿನಲ್ಲಿ 1869ರಲ್ಲಿ ನಿಂತ ಕುಡಿಯೋ ನೀರಿನ ಕಾರಂಜಿ, ಬಾಂಬೆಯ ಪಾರ್ಸಿ ಶ್ರೀಮಂತ ಕಾವಸ್ಜಿ ಜಹಾಂಗೀರ್ ರೆಡಿಮನಿ ಕೊಟ್ಟದ್ದು. ಅಡ್ಡಹೆಸರು ನಿಜವಾಗ್ಲೂ ರೆಡಿಮನಿ, ನಾನು ಕಟ್ಟಿದ್ದಲ್ಲ!

ಸ್ಟೋಕ್ ರೋ ಬಾವಿ ಸುಮಾರು 70 ವರ್ಷ ಊರಿಗೆ ನೀರು ಕೊಡ್ತು. ನಲ್ಲಿ ನೀರು ಬಂದ ಮೇಲೆ ರಾಟೆ ನಿಂತಿತು, ಗುಮ್ಮಟಕ್ಕೆ ತುಕ್ಕು ಹಿಡೀತು. 1961ರಲ್ಲಿ ಎರಡನೇ ಎಲಿಜಬೆತ್ ರಾಣಿ ಕಾಶಿಗೆ ಬಂದಾಗ ಅಲ್ಲಿನ ರಾಜಮನೆತನದವರು ಈ ಬಾವಿಯ ದಂತದ ಪುಟ್ಟ ಮಾದರಿಯನ್ನು ಆಕೆಗೆ ಕೊಟ್ಟರು. ಆಗ ಇಂಗ್ಲೆಂಡಿನಲ್ಲಿ ಮತ್ತೆ ಇದರ ನೆನಪು. 1964ರ ಏಪ್ರಿಲ್‌ನಲ್ಲಿ ಶತಮಾನೋತ್ಸವ, ರಾಣಿಯ ಗಂಡ ಪ್ರಿನ್ಸ್ ಫಿಲಿಪ್ ಬಂದ. ಕಾಶಿಯಿಂದ ಗಂಗಾಜಲ ತಂದು ಬಾವಿಯ ನೀರಿಗೆ ಬೆರೆಸಿದರು.

ಆ ನೀರು ಈಗ ಹೇಗಿದೆ ಅನ್ನೋದು ಬೇರೆ ಕತೆ. ಸೀಮೆಸುಣ್ಣದಿಂದ ಹುಟ್ಟೋ ತಿಳಿನೀರಿನ ಹೊಳೆಗಳು ಇಡೀ ಜಗತ್ತಿನಲ್ಲಿ ಇರೋದೇ ಇನ್ನೂರು ಚಿಲ್ಲರೆ. ಬಹುಪಾಲು ಇಂಗ್ಲೆಂಡಿನಲ್ಲಿವೆ. ಲಂಡನ್ ಮತ್ತು ಸುತ್ತಲಿನ ಊರುಗಳು ಬೆಳೆದ ಹಾಗೆ ಗುಡ್ಡದ ಹೊಟ್ಟೆಯಿಂದ ಪಂಪು ಹಾಕಿ ನೀರು ಎಳೆದರು. ಚಿಲ್ಟರ್ನ್‌ನ ಚೆಸ್ ಹೊಳೆಯ ಮೇಲ್ಭಾಗ 2019ರಲ್ಲಿ ಒಣಗಿತ್ತು. ನಮ್ಮ ಕೋಲಾರದಲ್ಲಿ ಬೋರ್‌ವೆಲ್ ಸಾವಿರ ಅಡಿ ದಾಟಿದರೂ ಬರೀ ಧೂಳು ಬಂದ ಅನುಭವ ನಿಮ್ಮಲ್ಲಿ ಹಲವರಿಗೆ ಮನೆಮಾತು. 368 ಅಡಿ ಅಂದಾಗ ಅವರಿಗೆ "ಅಷ್ಟೇನಾ" ಅನ್ನಿಸಿರುತ್ತೆ, ಕೈಯಲ್ಲಿ ಅಗೆದದ್ದು ಅನ್ನೋದನ್ನು ಮಾತ್ರ ಮರೀಬೇಡಿ.

ಹೋಗೋ ದಾರಿ ಹೇಳಿ ಮುಗಿಸ್ತೀನಿ. ರೆಡಿಂಗ್, ಸ್ಲೌ ಕಡೆ ನಿಮ್ಮ ಅಣ್ಣನೋ ಗೆಳತಿಯೋ ಕೆಲಸದಲ್ಲಿದ್ದರೆ ಅರ್ಧ ಕೆಲಸ ಆದ ಹಾಗೆ, ಅಲ್ಲಿಂದ ಕಾರಿನಲ್ಲಿ ಹತ್ತಿರ. ರೈಲಾದರೆ ಲಂಡನ್ನಿನ ಪ್ಯಾಡಿಂಗ್ಟನ್‌ನಿಂದ ರೆಡಿಂಗ್ ಮೇಲೆ ಚೋಲ್ಸಿಗೆ ಬಂದು, ಅಗಾಥಾ ಕ್ರಿಸ್ಟಿಯ ಸಮಾಧಿ ನೋಡಿ, ವಾಲಿಂಗ್‌ಫರ್ಡ್‌ಗೆ ಹೋಗಬಹುದು. ಶುಕ್ರವಾರ ಇಟ್ಟುಕೊಳ್ಳಿ, ಸಂತೆ ಸಿಗುತ್ತೆ. ಸ್ಟೋಕ್ ರೋಗೆ ಹೋಗುವಾಗ ಹತ್ತಿರದಲ್ಲೇ ನಫೀಲ್ಡ್ ಅನ್ನೋ ಊರು. ಮೋರಿಸ್ ಕಾರು ಕಂಪನಿ ಕಟ್ಟಿದ ಲಾರ್ಡ್ ನಫೀಲ್ಡ್ ಮನೆ ಅಲ್ಲಿದೆ. ಆ ಕಂಪನಿಯ ಮೋರಿಸ್ ಆಕ್ಸ್‌ಫರ್ಡ್ ಕಾರೇ ನಮ್ಮಲ್ಲಿಗೆ ಬಂದು ಅಂಬಾಸಡರ್ ಆಗಿದ್ದು. ಬಾವಿ ನೋಡಲು ಟಿಕೆಟ್ ಇಲ್ಲ, ರಸ್ತೆ ಪಕ್ಕದಲ್ಲೇ ಇದೆ. ವಸಂತದಲ್ಲಿ ಹೋದರೆ ಈಶ್ವರೀ ಬಾಗಿನ ಚೆರ್ರಿ ಮರಗಳು ಹೂಬಿಟ್ಟಿರುತ್ತವೆ. ಬಾವಿಯ ಬಾಯಿಗೆ ಮುಚ್ಚಳ ಹಾಕಿದ್ದಾರೆ, ಆನೆ ಮಾತ್ರ ಇನ್ನೂ ರಾಟೆ ಮೇಲೇ ನಿಂತಿದೆ.